ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು? – ಒಬ್ಬ ಕೇಟರಿಂಗ್‌ನವನ ಅನುಭವ



ನಾನು ಬರಹಗಾರನಲ್ಲ. ಬೈಂದೂರು ಕಡೆಯ ಹಳ್ಳಿಯೊಂದರಲ್ಲಿ ಹತ್ತನೇ ಕ್ಲಾಸ್ ಮುಗಿಸಿ, ಮಾವನ ಕೈ ಹಿಡಿದು ಹೈದರಾಬಾದಿಗೆ ಬಂದವನು. ಟೇಬಲ್ ಒರೆಸುವ ಕೆಲಸದಿಂದ ಶುರುಮಾಡಿ, ಸಪ್ಲೈಯರ್ ಆಗಿ, ಕ್ಯಾಷಿನಲ್ಲಿ ಕುಳಿತು, ಈಗ ಮಣಿಕೊಂಡದಲ್ಲಿ ಸ್ವಂತದ್ದೊಂದು ಸಣ್ಣ ಸಸ್ಯಾಹಾರಿ ಹೋಟೆಲು, ಜೊತೆಗೆ ಕೇಟರಿಂಗ್ ನಡೆಸುತ್ತಿದ್ದೇನೆ. ಹಿಂದೆ ಮಣಿಕೊಂಡ ಎಂದರೆ ಊರ ಹೊರಗಿನ ಹಳ್ಳಿ, ಬಂಡೆಗಳು, ಗದ್ದೆಗಳು. ಈಗ ಸುತ್ತಲೂ ಅಪಾರ್ಟ್‌ಮೆಂಟು, ಸಾಫ್ಟ್‌ವೇರ್ ಹುಡುಗರು. ವ್ಯಾಪಾರಕ್ಕೆ ತೊಂದರೆಯಿಲ್ಲ. ಆದರೆ ನಮ್ಮ ಹಳೆಯ ಗಿರಾಕಿಗಳೆಲ್ಲ ಕಾಚಿಗುಡ, ಬರ್ಕತ್‌ಪುರ ಕಡೆಯ ಕನ್ನಡ ಮನೆಯವರು. ಅಡುಗೆ ಇಲ್ಲಿ, ಊಟ ಅಲ್ಲಿ. ನಡುವೆ ಗಾಡಿ ಬೇಕೇ ಬೇಕು.

ಅಡುಗೆ ಬಗ್ಗೆ, ಎಲೆ ಬಗ್ಗೆ, ಬಡಿಸುವ ಹುಡುಗರ ಬಗ್ಗೆ ಈ ಪತ್ರಿಕೆಯಲ್ಲಿ ಬಹಳ ಜನ ಬರೆದಿದ್ದಾರೆ. ಗಾಡಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಎಷ್ಟೇ ರುಚಿಯಾದ ಸಾರು ಮಾಡಿದರೂ ಅದು ಮುಹೂರ್ತದ ಹೊತ್ತಿಗೆ ಮಂಟಪಕ್ಕೆ ಮುಟ್ಟದಿದ್ದರೆ ಏನು ಬಂತು? ಅದಕ್ಕೇ ನನ್ನ ಕಥೆಯನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೇ ಹೆಚ್ಚು.

ನಮ್ಮ ಓಮ್ನಿ

ನನ್ನದು 2009ರ ಮಾಡೆಲ್ ಮಾರುತಿ ಓಮ್ನಿ. ಈ ಗಾಡಿಯ ಪರಿಚಯ ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂತು, 1988ರಲ್ಲಿ ಓಮ್ನಿ ಎಂದು ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಹಿಂದಿನ ಸೀಟು ತೆಗೆದರೆ ನೆಲ ಪೂರ್ತಿ ಖಾಲಿ. ಸಾಂಬಾರಿನ ಕೊಳಗ, ಇಡ್ಲಿ ಡಬ್ಬ, ಎಲೆ ಕಟ್ಟು, ನೀರಿನ ಕ್ಯಾನು ಎಲ್ಲಾ ಹಿಡಿಯುತ್ತದೆ. ಬದಿಯ ಬಾಗಿಲು ಸರಿಸಿದರೆ ಗಲ್ಲಿಯಲ್ಲೂ ಇಳಿಸಬಹುದು. ನಮ್ಮಂಥವರಿಗೆ ಇದಕ್ಕಿಂತ ಇನ್ನೇನು ಬೇಕು? ಇಂದಿಗೂ ಎಷ್ಟೋ ಸದಸ್ಯರು ಇದೇ ಗಾಡಿಯನ್ನು ಓಡಿಸುತ್ತಿದ್ದಾರೆ.

ಹದಿನಾಲ್ಕು ವರ್ಷ ಈ ಗಾಡಿ ನನ್ನನ್ನು ಒಂದು ದಿನವೂ ಕೈಬಿಟ್ಟಿರಲಿಲ್ಲ. 2023ರ ದಸರಾ ಕಳೆದ ಮೇಲೆ ತಕರಾರು ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎತ್ತುತ್ತಿರಲಿಲ್ಲ. ಬರೀ ಟಕ್ ಎನ್ನುವುದು, ಸುಮ್ಮನಾಗುವುದು. ಮೂರು ನಾಲ್ಕು ಸಲ ತಿರುಗಿಸಿದ ಮೇಲೆ ಮನಸ್ಸು ಬಂದರೆ ಎತ್ತುವುದು. ಬ್ಯಾಟರಿ ಅಂಗಡಿಗೆ ಹೋದೆ. ಮೀಟರ್ ಇಟ್ಟು, ಬ್ಯಾಟರಿ ಇಳಿದಿದೆ ಅಂದರು. ಹೊಸದು ಹಾಕಿಸಿದೆ, 4,200 ರೂಪಾಯಿ. ಮೂರು ವಾರ ಚೆನ್ನಾಗಿ ಓಡಿತು. ಮತ್ತೆ ಅದೇ ಟಕ್. ಗ್ಯಾರೇಜಿಗೆ ಹೋದೆ. ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬದಲಾಯಿಸಿದರು, 2,800 ರೂಪಾಯಿ. ಒಂದು ವಾರ ಸುಮ್ಮನಿತ್ತು. ಅಷ್ಟರಲ್ಲಿ ಆಕ್ಸಿಲರೇಟರ್ ಕೇಬಲ್ ಬಿಗಿಯಾಯಿತು. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಇಂಜಿನ್ ಶಾಖಕ್ಕೆ ಹೀಗಾಗಿದೆ ಎಂದು ಹೇಳಿ ಹೊಸ ಕೇಬಲ್ ಹಾಕಿದರು. ಅದಕ್ಕೆ ಕೂಲಿ ಸೇರಿ 900. ಒಟ್ಟು ಲೆಕ್ಕ ಹಾಕಿ, 7,900 ರೂಪಾಯಿ. ರೋಗ ಮಾತ್ರ ಅಲ್ಲೇ ಇತ್ತು.

ಆ ದಿನ

ಡಿಸೆಂಬರ್ ಮೊದಲ ವಾರ. ಕಾಚಿಗುಡದ ಒಂದು ಮನೆಯವರ ಷಷ್ಟ್ಯಬ್ದಿ. ಮೂಲ ರಾಯಚೂರಿನವರು, ಹನ್ನೆರಡು ವರ್ಷದಿಂದ ನಮ್ಮ ಗಿರಾಕಿಗಳು. ಅವರ ಮಗನ ಉಪನಯನ, ಮನೆಯ ಗೃಹಪ್ರವೇಶ ಎಲ್ಲ ನಮ್ಮದೇ ಊಟ. ಬೆಳಿಗ್ಗೆ 120 ಜನಕ್ಕೆ ತಿಂಡಿ, ಮಧ್ಯಾಹ್ನ 250 ಎಲೆ. ಹಾಲಿನಲ್ಲಿ ಅಡುಗೆ ಮಾಡುವಂತಿರಲಿಲ್ಲ. ಎಲ್ಲ ಮಣಿಕೊಂಡದಿಂದಲೇ ಹೋಗಬೇಕು, ಎರಡು ಟ್ರಿಪ್ಪು.

ಬೆಳಗಿನ ಜಾವ ನಾಲ್ಕೂವರೆಗೆ ತಿಂಡಿ ತುಂಬಿಸಿ ಕೀ ತಿರುಗಿಸಿದರೆ, ಟಕ್. ಮತ್ತೆ ಟಕ್. ಹೆಡ್‌ಲೈಟ್ ಮಾತ್ರ ಎದುರಿನ ಗೋಡೆ ಬೆಳಗುವಂತೆ ಉರಿಯುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಡ್ರೈವರ್ ಹುಡುಗನನ್ನು ಎಲ್ಲರ ಎದುರಿಗೇ ಬೈದೆ. ರಾತ್ರಿ ಲೈಟೋ ಟೇಪೋ ಆನ್ ಇಟ್ಟು ಹೋಗಿದ್ದೀಯ, ಹೊಸ ಬ್ಯಾಟರಿ ಹಾಳು ಮಾಡಿದೆ ಅಂದೆ.

“ಇಲ್ಲಣ್ಣ, ನಾನೇ ಕೈಯಾರೆ ಎಲ್ಲ ಆಫ್ ಮಾಡಿ ಹೋಗಿದ್ದೆ” ಅಂದ.

“ಎದುರು ಮಾತಾಡಬೇಡ” ಅಂದೆ. ಅಡುಗೆ ಭಟ್ಟರು ನಡುವೆ ಬಂದು, “ಯಜಮಾನರೇ, ಬೈಯುವುದು ಆಮೇಲೆ ಬೈಯಿರಿ, ಈಗ ತಳ್ಳುವ” ಅಂದರು. ಐದು ಜನ ಸೇರಿ ಇಳಿಜಾರಿನಲ್ಲಿ ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ತಟ್ಟನೆ ಸ್ಟಾರ್ಟ್ ಆಯಿತು. ಆ ಜಗ್ಗಿಗೆ ಸಾಂಬಾರಿನ ಕೊಳಗದ ಮುಚ್ಚಳ ಜಾರಿ ಎರಡು ಸೇರಿನಷ್ಟು ನೆಲಕ್ಕೆ ಚೆಲ್ಲಿತು. ಆಗ ಅದರ ಕಡೆ ಯಾರಿಗೂ ಗಮನವಿಲ್ಲ.

ಶೇಕ್‌ಪೇಟ್, ಟೋಲಿಚೌಕಿ, ಮೆಹದಿಪಟ್ನಂ ದಾಟಿ ಏಳಕ್ಕೆ ಮೊದಲೇ ಹಾಲು ತಲುಪಿದೆವು. ತಿಂಡಿಗೆ ತೊಂದರೆ ಆಗಲಿಲ್ಲ. ಇಂಜಿನ್ ಆಫ್ ಮಾಡಬಾರದು ಎಂದು ದಾರಿಯುದ್ದಕ್ಕೂ ಜಪ ಮಾಡಿಕೊಂಡು ಬಂದವನು, ಹಾಲಿನ ಸೆಲ್ಲಾರ್‌ಗೆ ಗಾಡಿ ಇಳಿಸಿ, ನಿಲ್ಲಿಸಿದ ಕೂಡಲೇ ಅಭ್ಯಾಸ ಬಲದಿಂದ ಕೀ ತಿರುಗಿಸಿ ಕಿಸೆಗೆ ಹಾಕಿಕೊಂಡೆ. ಅಷ್ಟೇ. ಸೆಲ್ಲಾರ್‌ನಿಂದ ಮೇಲಕ್ಕೆ ಏರು. ತಳ್ಳುವ ಮಾತೇ ಇಲ್ಲ.

ಮಧ್ಯಾಹ್ನದ ಅಡುಗೆ ಮಣಿಕೊಂಡದಲ್ಲಿ ತಯಾರಾಗಿ ಕುಳಿತಿತ್ತು. ಟ್ರಾಲಿ ಆಟೋ ಹಿಡಿಯಲು ಹೊತ್ತಾಯಿತು, ಎರಡು ಆಟೋದಲ್ಲಿ ಹೊತ್ತು ತರುವಾಗ ಟ್ರಾಫಿಕ್. ಹನ್ನೆರಡೂವರೆಗೆ ಹಾಕಬೇಕಾದ ಎಲೆ ಒಂದೂ ಮುಕ್ಕಾಲಿಗೆ ಹಾಕಿದೆವು. ಹೋಮಕ್ಕೆ ಕುಳಿತ ದಂಪತಿಗಳು ಬೆಳಿಗ್ಗೆಯಿಂದ ಉಪವಾಸ. ಸಕ್ಕರೆ ಕಾಯಿಲೆಯ ಹಿರಿಯರು ಗೋಡೆಗೆ ಒರಗಿ ಕುಳಿತಿದ್ದರು. ಒಬ್ಬ ಅಜ್ಜಿಗೆ ತಲೆ ಸುತ್ತಿ ಬೆಳಗಿನ ಕೇಸರಿಬಾತ್ ಹುಡುಕಿ ತಂದು ಕೊಟ್ಟರು. ನಾನು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದೆ.

ಸಂಜೆ ಲೆಕ್ಕಕ್ಕೆ ಹೋದಾಗ ಒಂದು ಪೈಸೆ ಕಡಿಮೆ ಮಾಡದೆ ಪೂರಾ ಕೊಟ್ಟರು. “ಇರ್ಲಿ ಬಿಡ್ರಿ ಯಜಮಾನ್ರ, ಗಾಡಿ ಅಂದಮ್ಯಾಗ ಹಿಂಗೆಲ್ಲಾ ಆಗ್ತದ” ಅಂದರು. ಬೈದಿದ್ದರೆ ಚೆನ್ನಾಗಿತ್ತು. 2024ರಲ್ಲಿ ಅವರ ಮಗಳ ಮದುವೆ ಆಯಿತು. ಕೇಟರಿಂಗ್ ಬೇರೆಯವರದ್ದು. ನನಗೆ ಕರೆಯೋಲೆ ಬಂತು, ಆರ್ಡರ್ ಬರಲಿಲ್ಲ.

ಆ ಡ್ರೈವರ್ ಹುಡುಗ ತಿಂಗಳ ಸಂಬಳ ತೆಗೆದುಕೊಂಡು ಮರುದಿನವೇ ಬಿಟ್ಟು ಹೋದ.

ಚಾಚಾ ಕೇಳಿದ ಮೂರು ಪ್ರಶ್ನೆ

ಗಾಡಿಯನ್ನು ಸೆಲ್ಲಾರ್‌ನಿಂದ ಎಳೆಸಿ ಟೋಲಿಚೌಕಿಯ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಬಿಟ್ಟೆ. ಎಲ್ಲರೂ ಚಾಚಾ ಅನ್ನುತ್ತಾರೆ. ನಾನು ಹೋದವನೇ, “ಚಾಚಾ, ಇನ್ನೊಂದು ಬ್ಯಾಟರಿ ಹಾಕಿಬಿಡಿ” ಅಂದೆ.

“ನಕ್ಕೋ ಸೇಠ್” ಅಂದರು. ಹೈದರಾಬಾದಿನಲ್ಲಿ ಇರುವವರಿಗೆ ನಕ್ಕೋ ಅಂದರೆ ಗೊತ್ತು, ಬೇಡ ಎಂದು. ಸ್ಪ್ಯಾನರ್ ಮುಟ್ಟುವ ಮೊದಲು ಸ್ಟೂಲ್ ಕೊಟ್ಟು ಕೂರಿಸಿ, ಚಹಾ ತರಿಸಿ, ಮೂರು ಪ್ರಶ್ನೆ ಕೇಳಿದರು.

ಮೊದಲನೆಯದು: ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಮಂಕಾಗುತ್ತದೋ, ಹಾಗೇ ಇರುತ್ತದೋ? ಹಾಗೇ ಇರುತ್ತದೆ ಅಂದೆ. ಎರಡನೆಯದು: ತಳ್ಳಿದರೆ ಸ್ಟಾರ್ಟ್ ಆಗುತ್ತದೋ? ಒಂದೇ ಏಟಿಗೆ ಆಗುತ್ತದೆ ಅಂದೆ. ಮೂರನೆಯದು: ಈಚೆಗೆ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಏನಾದರೂ ಬದಲಾಯಿಸಿದ್ದುಂಟೋ? ನನಗೆ ಆಶ್ಚರ್ಯವಾಯಿತು. ಕರಗಿದ ಕೇಬಲ್ಲಿನ ಸಂಗತಿ ಹೇಳಿದೆ. ಚಾಚಾ ನಕ್ಕು ಮೀಟರ್ ತೆಗೆದರು.

ಬ್ಯಾಟರಿಗೆ ಮೀಟರ್ ಇಟ್ಟರು. 12.5 ವೋಲ್ಟ್. ನನ್ನನ್ನು ಸೆಲ್ಫ್ ಹೊಡೆಯಲು ಹೇಳಿ ಮತ್ತೆ ನೋಡಿದರು. 12.1. ಅಂದರೆ ಬ್ಯಾಟರಿ ಗಟ್ಟಿ ಇದೆ, ಆದರೆ ಅದರಿಂದ ಕರೆಂಟು ಸಾಕಷ್ಟು ಹೊರಡುತ್ತಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಇಂಜಿನ್ ಲೋಹದ ಮೇಲೆ ಒತ್ತಿ ಹಿಡಿದು, ಮತ್ತೆ ಸೆಲ್ಫ್ ಹೊಡೆಯಿರಿ ಅಂದರು. ಮೀಟರು 5 ವೋಲ್ಟ್ ಮೀರಿ ತೋರಿಸಿತು. ಇವೆರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಇರಬಾರದಂತೆ. ಕೊನೆಗೆ ದಪ್ಪ ಬೂಸ್ಟರ್ ಕೇಬಲ್ ತಂದು ನೆಗೆಟಿವ್‌ನಿಂದ ನೇರ ಇಂಜಿನ್‌ಗೆ ಕಚ್ಚಿಸಿದರು. ಕೀ ಮುಟ್ಟಿದ್ದೇ ತಡ, ಗಾಡಿ ಹೊಸ ಗಾಡಿಯ ಹಾಗೆ ಎತ್ತಿತು.

ರೋಗ ಸಿಕ್ಕಿತು. ಬಾಡಿಯಿಂದ ಇಂಜಿನ್‌ಗೆ ಹೋಗುವ ಅರ್ತ್ ಪಟ್ಟಿ. ಹೆಣೆದ ತಾಮ್ರದ ಪಟ್ಟಿ ಅದು, ಗಾಡಿಯ ನೆಲದ ಕೆಳಗೆ ಬೋಲ್ಟಿನಲ್ಲಿ ಕುಳಿತಿರುತ್ತದೆ. ಚಾಚಾ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಹಸಿರು ಪಾಚಿ ಹಿಡಿದ ಹಾಗೆ ಕಿಲುಬು. ಬೆರಳಲ್ಲಿ ಮುರಿದರೆ ಪುಡಿಯಾಯಿತು. ಹೊಸ ಪಟ್ಟಿ 250, ಕೂಲಿ 300. ಒಟ್ಟು 550 ರೂಪಾಯಿ.

ಯಾಕೆ ಹಾಗಾಯಿತು?

ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಊಟದ ಹಾಲಿಗೆ ತುಂಬಿದ ತಟ್ಟೆಗಳು ಒಂದು ಬಾಗಿಲಿಂದ ಹೋಗುತ್ತವೆ, ಖಾಲಿ ತಟ್ಟೆಗಳು ಇನ್ನೊಂದು ಬಾಗಿಲಿಂದ ಬರುತ್ತವೆ. ಬರುವ ಬಾಗಿಲು ಕಟ್ಟಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಹೋಗುವುದೂ ನಿಲ್ಲುತ್ತದೆ. ಒಳಗೆ ಕೊಪ್ಪರಿಗೆ ತುಂಬ ಅನ್ನವಿದ್ದರೂ ಪ್ರಯೋಜನವಿಲ್ಲ. ಕರೆಂಟೂ ಹಾಗೆಯೇ. ಪಾಸಿಟಿವ್ ಕೇಬಲ್‌ನಿಂದ ಸೆಲ್ಫ್‌ಗೆ ಹೋದದ್ದು ಇಂಜಿನ್ ಲೋಹ, ಅರ್ತ್ ಪಟ್ಟಿ, ಬಾಡಿ ಎಂದು ಸುತ್ತಿ ಬ್ಯಾಟರಿಗೆ ವಾಪಸ್ ಬರಬೇಕು. ಲೈಟು, ಹಾರ್ನಿನ ಅರ್ತ್ ಬಾಡಿಗೇ ಇರುತ್ತದೆ. ಅದಕ್ಕೇ ಅವು ಜೋರಾಗಿದ್ದವು. ಸೆಲ್ಫ್‌ಗೆ ಮಾತ್ರ ಇಂಜಿನ್ ಮೂಲಕವೇ ವಾಪಸ್ ಬರುವ ದಾರಿ, ಅದಕ್ಕೆ ಬೇಕಾದ ಕರೆಂಟೂ ಬಹಳ ಹೆಚ್ಚು. ಅದಕ್ಕೇ ಟಕ್ ಅಂದು ನಿಲ್ಲುತ್ತಿತ್ತು.

ದಾರಿ ಕಟ್ಟಿದಾಗ ಕರೆಂಟು ಇನ್ನೊಂದು ಸಂದು ಹುಡುಕಿತು. ಇಂಜಿನ್‌ನಿಂದ ಬಾಡಿಗೆ ಹೋಗುವ ಆಕ್ಸಿಲರೇಟರ್ ಕೇಬಲ್ಲಿನ ಸಣ್ಣ ತಂತಿಯಲ್ಲಿ ನುಗ್ಗಿ, ಅದು ಕಾದು ಪ್ಲಾಸ್ಟಿಕ್ ಕರಗಿತು. ಇಂಜಿನ್ ಶಾಖ ಅಲ್ಲವೇ ಅಲ್ಲ. ಆಲ್ಟರ್ನೇಟರ್ ಕೂಡ ಇಂಜಿನ್ ಮೇಲೇ ಕುಳಿತಿರುವುದರಿಂದ ಹಳೆಯ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಸಿಕ್ಕಿರಲಿಲ್ಲ. ಅಂಗಡಿಯವರು ಬ್ಯಾಟರಿ ಇಳಿದಿದೆ ಅಂದದ್ದು ಸುಳ್ಳಲ್ಲ, ಆದರೆ ಇಳಿದದ್ದಕ್ಕೆ ಕಾರಣವನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಬ್ಯಾಟರಿಯ ಕಸುವಿಗೆ ಮೂರು ವಾರ, ಸೆಲ್ಫ್ ಬಿಚ್ಚಿ ಹಾಕುವಾಗ ಪಟ್ಟಿ ಅಲುಗಿದ್ದಕ್ಕೆ ಒಂದು ವಾರ ಓಡಿತು. ಅದನ್ನೇ ವಾಸಿಯಾಯಿತು ಎಂದುಕೊಂಡೆ.

ಇನ್ನು ಪಟ್ಟಿಗೆ ಕಿಲುಬು ಬಂದದ್ದು ಹೇಗೆ? ಚಾಚಾ ನೆಲದ ಮ್ಯಾಟ್ ಎತ್ತಿ ಮೂಸಿ ನೋಡಿ, “ಸೇಠ್, ಇದು ಗಾಡಿಯೋ ಉಪ್ಪಿನಕಾಯಿ ಜಾಡಿಯೋ?” ಎಂದರು. ಹದಿನಾಲ್ಕು ವರ್ಷ ಸಾಂಬಾರು, ಮಜ್ಜಿಗೆ, ಹುಣಸೆ ಹುಳಿ, ಉಪ್ಪಿನಕಾಯಿ ರಸ ಚೆಲ್ಲಿದೆ. ಪ್ರತಿ ರಾತ್ರಿ ನನ್ನದೇ ಅಪ್ಪಣೆಯಂತೆ ಹುಡುಗರು ಪೈಪು ಹಿಡಿದು ನೆಲ ತೊಳೆದಿದ್ದಾರೆ. ಆ ಉಪ್ಪು ಹುಳಿ ನೀರೆಲ್ಲ ಸಂದಿನಲ್ಲಿ ಇಳಿದು ಪಟ್ಟಿಯ ಮೇಲೆ ಬಿದ್ದಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಾನು ಗಾಡಿಗೆ ಉಪ್ಪು ತಿನ್ನಿಸಿ ನೀರನ್ನೂ ಕುಡಿಸಿದ್ದೆ. ಗಾಡಿ ಮಾಡಿದವರದ್ದಲ್ಲ, ಬ್ಯಾಟರಿಯವರದ್ದಲ್ಲ, ತಪ್ಪು ನನ್ನದು.

ಕ್ರಮವಾಗಿ ನೋಡುವುದು ಹೇಗೆ?

ಹಿಂದೆ ಕಾರುಗಳನ್ನು ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸುತ್ತಿದ್ದರು. ನಮ್ಮ ಹಳೆಯ ಅಂಬಾಸಿಡರ್‌ಗಳಿಗೂ ಆ ಹ್ಯಾಂಡಲ್ ಇತ್ತು. ಬ್ಯಾಟರಿಯ ಸೆಲ್ಫ್ ಸ್ಟಾರ್ಟರ್ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ಎಂಬವರ ಕೆಲಸ. ಅಂದಿನಿಂದ ಇಂದಿನವರೆಗೆ ವಿಷಯ ಒಂದೇ. ಮೊದಲು ಇಂಜಿನ್ ತಿರುಗಬೇಕು, ಆಮೇಲೆ ಪೆಟ್ರೋಲು, ಕಿಡಿ, ಗಾಳಿ ಸೇರಿ ಹತ್ತಬೇಕು. ಇವೆರಡನ್ನು ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಚಾಚಾರಿಂದ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ. ಕತ್ತರಿಸಿ ಸ್ಟೋರ್ ರೂಮಿನ ಗೋಡೆಗೆ ಅಂಟಿಸಬಹುದು.

1. ಎಲ್ಲಕ್ಕಿಂತ ಮೊದಲು ಮೂಗು. ನಮ್ಮ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ ಹೋಗುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ವಾಸನೆ ಬಂದರೆ ಕೀ ಮುಟ್ಟಬೇಡಿ. ಎಲ್ಲ ಬಾಗಿಲು ತೆಗೆದು, ಸಿಲಿಂಡರ್ ಇಳಿಸಿ, ಗಾಳಿಯಾಡಲು ಬಿಡಿ. ಸಿಲಿಂಡರ್ ಒಳಗೆ ಇಟ್ಟುಕೊಂಡು ಕಿಡಿ ಪರೀಕ್ಷೆ, ಬೂಸ್ಟರ್ ಕೇಬಲ್ ಯಾವುದೂ ಬೇಡ.

2. ಕೀ ತಿರುಗಿಸಿ ಕಿವಿಗೊಡಿ. ಏನೂ ಶಬ್ದವಿಲ್ಲವೋ, ಟಕ್ ಅನ್ನುತ್ತದೋ, ಟಕಟಕ ಎಂದು ಬಡಿಯುತ್ತದೋ, ನಿಧಾನ ತಿರುಗುತ್ತದೋ, ಸರಿಯಾಗಿ ತಿರುಗಿಯೂ ಹತ್ತುತ್ತಿಲ್ಲವೋ? ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ “ಸ್ಟಾರ್ಟ್ ಆಗುತ್ತಿಲ್ಲ” ಎಂದಷ್ಟೇ ಹೇಳದೆ ಇದನ್ನು ಹೇಳಿ.

3. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಬ್ಯಾಟರಿಯ ಟರ್ಮಿನಲ್ ಸಡಿಲ. ಲೈಟು ಜೋರಾಗಿಯೇ ಇದ್ದು ಸೆಲ್ಫ್ ಎತ್ತದಿದ್ದರೆ ಕೀ ಸ್ವಿಚ್ಚು, ಸೆಲ್ಫ್, ಅದಕ್ಕೆ ಹೋಗುವ ವಯರ್ ಅಥವಾ ಇಂಜಿನ್ ಅರ್ತ್.

4. ಮೀಟರ್ ಇದ್ದರೆ ಒಳ್ಳೆಯದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ. ಇಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಇಲ್ಲದಿದ್ದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು.

5. ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂವು ಬಂದಿದ್ದರೆ ಇಂಜಿನ್ ಆಫ್ ಮಾಡಿ, ಮೊದಲು ನೆಗೆಟಿವ್ ಬಿಚ್ಚಿ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

6. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂದರೆ ಪೆಟ್ರೋಲು, ಕಿಡಿ ಸರಿ ಇದೆ ಎಂದೇ ಅರ್ಥ. ಬ್ಯಾಟರಿ, ಸೆಲ್ಫ್, ವಯರು, ಅರ್ತ್ ಇವಿಷ್ಟರಲ್ಲೇ ಹುಡುಕಿ. ಕುದಿಯುವ ಸಾಂಬಾರು ಒಳಗಿಟ್ಟು ತಳ್ಳಬೇಡಿ, ಮೊದಲು ಇಳಿಸಿ.

7. ಸೆಲ್ಫ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ವಿಷಯ ಬೇರೆ. ಎಂಪಿಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪಿನ ಗುಂಯ್ ಶಬ್ದ ಒಂದೆರಡು ಸೆಕೆಂಡ್ ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪ್ ನೋಡಿಸಿ. ಕೇಳಿದರೆ ಫಿಲ್ಟರ್, ಪ್ಲಗ್ ನೋಡಿಸಿ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಮಳೆಗಾಲದಲ್ಲಿ ಅದರ ಮುಚ್ಚಳದೊಳಗೆ ತೇವ ಕೂತರೂ ಹತ್ತುವುದಿಲ್ಲ. ಕಾರ್ಬೋರೇಟರ್ ಗಾಡಿಯಾದರೆ ಚಳಿಯಲ್ಲಿ ಚೋಕ್ ಎಳೆಯಿರಿ. ಪೆಟ್ರೋಲ್ ವಾಸನೆ ಗಮ್ಮೆಂದರೆ ಹೆಚ್ಚಾಗಿ ತುಂಬಿಕೊಂಡಿದೆ, ಹತ್ತು ನಿಮಿಷ ಬಿಡಿ.

8. ಒಂದೇ ಸಮ ಸೆಲ್ಫ್ ಹೊಡೆಯಬೇಡಿ. ಐದಾರು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಇದ್ದ ಬ್ಯಾಟರಿಯೂ ಹೋಗುತ್ತದೆ, ಸೆಲ್ಫೂ ಸುಡುತ್ತದೆ.

9. ಇನ್ನೊಂದು ಗಾಡಿಯಿಂದ ಬೂಸ್ಟ್ ಕೊಡುವಾಗ ಮೊದಲು ಪಾಸಿಟಿವ್‌ಗೆ ಪಾಸಿಟಿವ್. ಆಮೇಲೆ ಒಳ್ಳೆಯ ಬ್ಯಾಟರಿಯ ನೆಗೆಟಿವ್. ಕೊನೆಯ ತುದಿಯನ್ನು ಇಳಿದ ಬ್ಯಾಟರಿಗೆ ಕೊಡದೆ, ದೂರದಲ್ಲಿ ಇಂಜಿನ್ ಲೋಹಕ್ಕೆ ಕೊಡಿ. ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ.

10. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಪರೀಕ್ಷೆ ಮಾಡಿ ಖಾತ್ರಿಯಾದ ಮೇಲೆ. ಇಡ್ಲಿ ಗಟ್ಟಿಯಾದರೆ ನಾವು ಅಕ್ಕಿ, ಉದ್ದು, ಭಟ್ಟರು ಮೂವರನ್ನೂ ಒಂದೇ ದಿನ ಬದಲಾಯಿಸುತ್ತೇವೆಯೇ? ಹಿಟ್ಟು ಹುದುಗಿದೆಯೋ ಎಂದು ಮೊದಲು ಮುಚ್ಚಳ ತೆಗೆದು ನೋಡುತ್ತೇವೆ.

ಪೆಟ್ರೋಲಿನ ಬಗ್ಗೆ ಒಂದು ಮಾತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲೇ ಸಿಗುವ ಹಾಗಾಗಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರ್‌ಗಳು ಇದಕ್ಕೆಂದು ಮಾಡಿದವಲ್ಲ. ಆದ್ದರಿಂದ ಹಳೆಯ ಗಾಡಿ ಇರುವವರು ಪೆಟ್ರೋಲ್ ಪೈಪುಗಳನ್ನು ಆಗಾಗ ನೋಡಿಸಿ, ಸೀಸನ್ ಇಲ್ಲದಾಗ ತಿಂಗಳುಗಟ್ಟಲೆ ಗಾಡಿಯನ್ನು ಹಾಗೇ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿಗೂ ಒಳ್ಳೆಯದು.

ಈಗ ನಾವು ಮಾಡುತ್ತಿರುವುದು

ಗಾಡಿಗೆ ಪೈಪು ಹಿಡಿಯುವುದನ್ನು ನಿಲ್ಲಿಸಿದ್ದೇವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸುತ್ತೇವೆ. ದ್ರವ ಪದಾರ್ಥದ ಪಾತ್ರೆಗಳೆಲ್ಲ ಅಂಚು ಎತ್ತರದ ದೊಡ್ಡ ಟ್ರೇ ಒಳಗೆ ಕೂರುತ್ತವೆ. ಮುಚ್ಚಳಕ್ಕೆ ಕ್ಲಿಪ್ಪು, ಅದರ ಮೇಲೆ ಬಟ್ಟೆ ಕಟ್ಟು. ಆರು ತಿಂಗಳಿಗೊಮ್ಮೆ ಚಾಚಾ ಅರ್ತ್ ಪಟ್ಟಿ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಹಾಕುತ್ತಾರೆ. ದೊಡ್ಡ ಆರ್ಡರ್ ಇದ್ದರೆ ಹಿಂದಿನ ಸಂಜೆಯೇ ಗಾಡಿ ಸ್ಟಾರ್ಟ್ ಮಾಡಿ ನೋಡುತ್ತೇವೆ, ಟ್ರಾಲಿ ಆಟೋದವರೊಬ್ಬರಿಗೆ ಮುಂಚೆಯೇ ಹೇಳಿ ಇಟ್ಟಿರುತ್ತೇವೆ. ಸೆಲ್ಲಾರ್ ಇರುವ ಹಾಲಿನಲ್ಲಿ ಗಾಡಿ ಮೇಲೆಯೇ ನಿಲ್ಲುತ್ತದೆ. ಆಮೇಲೆ ಇದುವರೆಗೆ ಒಮ್ಮೆಯೂ ಟಕ್ ಅಂದಿಲ್ಲ.

ಕೊನೆಯ ಮಾತು

ಚಾಚಾ ಅರ್ತ್ ಪಟ್ಟಿ ಅಂಗೈ ಮೇಲೆ ಇಟ್ಟಾಗ ನನಗೆ ಮೊದಲು ನೆನಪಾದದ್ದು ಆ ಡ್ರೈವರ್ ಹುಡುಗ. ಆ ಬೆಳಿಗ್ಗೆ ಹೆಡ್‌ಲೈಟ್ ಗೋಡೆ ತುಂಬ ಉರಿಯುತ್ತಿತ್ತು. ಅವನು ರಾತ್ರಿಯಿಡೀ ಲೈಟ್ ಬಿಟ್ಟು ಹೋಗಿದ್ದರೆ ಅದು ಹಾಗೆ ಉರಿಯುತ್ತಿತ್ತೇ? ಅವನು ನಿಜ ಹೇಳುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿ ನನ್ನ ಕಣ್ಣೆದುರಿಗೇ ಇತ್ತು. ನೋಡುವ ತಾಳ್ಮೆ ಇರಲಿಲ್ಲ.

ಎಂಟು ದಿನ ಬಿಟ್ಟು ಫೋನ್ ಮಾಡಿದೆ. ಎತ್ತಲಿಲ್ಲ. ನನ್ನ ಹೆಂಡತಿ, “ರೀ, ನಿಮ್ಮ ನಂಬರ್ ನೋಡಿ ಎತ್ತುತ್ತಿಲ್ಲ, ನಾನು ಮಾಡುತ್ತೇನೆ” ಎಂದು ತನ್ನ ಫೋನಿನಿಂದ ಮಾಡಿ ನನಗೆ ಕೊಟ್ಟಳು. “ತಮ್ಮಾ, ಬ್ಯಾಟರಿ ನೀನು ಇಳಿಸಿದ್ದಲ್ಲ, ಅರ್ತ್ ಪಟ್ಟಿ ಹೋಗಿತ್ತು, ನನ್ನದೇ ತಪ್ಪು” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಡಿ ಸರಿಯಾಯ್ತಲ್ಲ ಅಣ್ಣ, ಸಾಕು” ಅಂದ. ಅವನು ಈಗ ಬೇರೆ ಕಡೆ ಇದ್ದಾನೆ, ವಾಪಸ್ ಬರಲಿಲ್ಲ. ಬಾ ಎಂದು ಒತ್ತಾಯ ಮಾಡುವ ಮುಖ ನನಗೂ ಇರಲಿಲ್ಲ.

550 ರೂಪಾಯಿಯ ಪಟ್ಟಿಗೆ 7,900 ರೂಪಾಯಿ ಕಳೆದುಕೊಂಡದ್ದನ್ನು ಮರೆತಿದ್ದೇನೆ. ಹನ್ನೆರಡು ವರ್ಷದ ಗಿರಾಕಿ ಮನೆ, ಒಬ್ಬ ಒಳ್ಳೆಯ ಹುಡುಗ, ಈ ಎರಡನ್ನು ಮರೆತಿಲ್ಲ. ಕಿಲುಬು ಹಿಡಿದ ಆ ಹಳೆಯ ಪಟ್ಟಿ ಇನ್ನೂ ನನ್ನ ಕ್ಯಾಷ್ ಡ್ರಾಯರಿನಲ್ಲಿದೆ. ಹುಡುಗರಲ್ಲಿ ಯಾರ ಮೇಲಾದರೂ ಸಿಟ್ಟು ಬಂದು ಬಾಯಿ ತೆರೆಯುವ ಮೊದಲು ಚಿಲ್ಲರೆ ಹುಡುಕುವ ನೆಪದಲ್ಲಿ ಡ್ರಾಯರ್ ಎಳೆಯುತ್ತೇನೆ.

ಸದಸ್ಯರು ತಮ್ಮ ಗಾಡಿಗಳ ಅರ್ತ್ ಪಟ್ಟಿಯನ್ನು ಈ ವಾರವೇ ಒಮ್ಮೆ ನೋಡಿಸಿ ಎಂದು ಕೇಳಿಕೊಳ್ಳುತ್ತೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.